ಲಂಡನ್ ‘ಸಿಟಿ’ಯ ವಾರ್ಡ್ ಸದಸ್ಯ ಯಾರ ಪ್ರತಿನಿಧಿ?

ಚೀಪ್‌ಸೈಡ್ ಗುಮಾಸ್ತ

ಎಲ್ಲರಿಗೂ ನಮಸ್ಕಾರ. ಬ್ಯಾಂಕ್ ಆಫ್ ಇಂಗ್ಲೆಂಡ್, ರಾಯಲ್ ಎಕ್ಸ್‌ಚೇಂಜ್, ಲಾಯ್ಡ್ಸ್ ಎಲ್ಲ ಒತ್ತಟ್ಟಿಗೆ ಇರುವ ಲಂಡನ್ನಿನ ಹಳೆಯ ಹಣಕಾಸು ವಲಯದಲ್ಲಿ, ಅಂದರೆ ಇಲ್ಲಿಯವರು ಬರೀ ‘ಸಿಟಿ’ ಎಂದು ಕರೆಯುವ ಆ ಒಂದು ಚದರ ಮೈಲಿಯಲ್ಲಿ, ನಲವತ್ತು ಮಂದಿಯ ವಿಮಾ ದಲ್ಲಾಳಿ ಸಂಸ್ಥೆಯೊಂದರಲ್ಲಿ ನಾನು ಕೆಲಸಕ್ಕಿದ್ದೇನೆ. ಮನೆ ಇರುವುದು ದೂರದ ಹ್ಯಾರೋದಲ್ಲಿ. ಸಿಟಿಯ ನಗರಾಡಳಿತದ ಚುನಾವಣೆಯಲ್ಲಿ ನಿವಾಸಿಗಳಿಗಷ್ಟೇ ಅಲ್ಲ, ಇಲ್ಲಿ ಕಚೇರಿಯಿರುವ ಸಂಸ್ಥೆಗಳಿಗೂ ಮತವಿದೆ; ಸಿಬ್ಬಂದಿಯ ಸಂಖ್ಯೆಗೆ ತಕ್ಕಂತೆ ಅವು ತಮ್ಮವರಲ್ಲಿ ಕೆಲವರನ್ನು ಮತದಾರರೆಂದು ಹೆಸರಿಸುತ್ತವೆ. ಈ ವರ್ಷ ನಮ್ಮ ಸಂಸ್ಥೆ ತನ್ನ ಪಾಲಿನ ಎಂಟು ಮತದಾರರಲ್ಲಿ ಒಬ್ಬನನ್ನಾಗಿ ನನ್ನ ಹೆಸರನ್ನು ಸೇರಿಸಿತು. ಅದರ ಬೆನ್ನಿಗೇ ಹಿರಿಯ ಸಹೋದ್ಯೋಗಿಯೊಬ್ಬರು, 2029ರ ಚುನಾವಣೆಯಲ್ಲಿ ವಾರ್ಡಿನಿಂದ ನೀವೇ ಏಕೆ ನಿಲ್ಲಬಾರದು ಎಂದು ಕೇಳಿದರು. ನನ್ನದು ಭಾರತದ ಪಾಸ್‌ಪೋರ್ಟ್. ಆದರೆ ಕಾಮನ್‌ವೆಲ್ತ್ ದೇಶದವನಾಗಿರುವುದರಿಂದಲೂ ಇಲ್ಲಿ ಕಾಯಂ ವಾಸದ ಅನುಮತಿ ಇರುವುದರಿಂದಲೂ ಸ್ಥಳೀಯ ಚುನಾವಣೆಗೆ ನಿಲ್ಲಲು ಅಡ್ಡಿಯಿಲ್ಲ.

ಅಡ್ಡಿ ಇರುವುದು ಮನಸ್ಸಿನಲ್ಲಿ. ನಾನು ರಾತ್ರಿ ಮಲಗದ ಊರಿಗೆ, ನನ್ನ ಮಕ್ಕಳು ಶಾಲೆಗೆ ಹೋಗದ ಊರಿಗೆ, ಕಂಪನಿಯೊಂದು ಕೊಟ್ಟ ಮತದ ಬಲದಿಂದ ಜನಪ್ರತಿನಿಧಿಯಾಗುವುದು ಸರಿಯೇ? ಹಾಗೆ ಆದವನು ಯಾರಿಗೆ ಉತ್ತರ ಕೊಡಬೇಕು? ಇಲ್ಲಿನ ವ್ಯವಹಾರ ಬಲ್ಲ ಹಿರಿಯರು ಈ ವೇದಿಕೆಯಲ್ಲಿ ಇದ್ದೀರಿ, ದಯವಿಟ್ಟು ತಿಳಿಸಿ.

ಬಾರ್ಬಿಕನ್ ನಿವಾಸಿ

ಗುಮಾಸ್ತರೇ, ನಾನು ಅದೇ ಊರಿನಲ್ಲಿ ಮಲಗುವವನು. ನಿಮ್ಮ ಮತವನ್ನು ಕಂಡರೆ ನನಗೆ ಸಿಟ್ಟು ಬರಬೇಕಿತ್ತು. ಮೊದಮೊದಲು ಬರುತ್ತಲೂ ಇತ್ತು. ಈಗ ಅಷ್ಟಿಲ್ಲ. ಅದರ ಹಿನ್ನೆಲೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

1851ರ ಜನಗಣತಿಯಲ್ಲಿ ಈ ಒಂದು ಚದರ ಮೈಲಿಯೊಳಗೆ ಸುಮಾರು 1,28,000 ಜನ ವಾಸವಾಗಿದ್ದರು. ಅಂಗಡಿಯ ಮೇಲೆಯೇ ಮನೆ, ಮನೆಯ ಹಿಂದೆಯೇ ಗೋದಾಮು ಎಂಬಂತಿದ್ದ ಕಾಲವದು. ರೈಲು ಬಂದು ದೂರದಿಂದ ಕೆಲಸಕ್ಕೆ ಬರುವುದು ಸಾಧ್ಯವಾದ ಮೇಲೆ, ಮನೆಗಳಿದ್ದ ಜಾಗವನ್ನೆಲ್ಲ ಕಚೇರಿಗಳು ನುಂಗಿದವು. 1901ರ ಹೊತ್ತಿಗೆ ಸುಮಾರು 27,000 ಮಂದಿ ಉಳಿದಿದ್ದರು. ಎರಡನೆಯ ಮಹಾಯುದ್ಧದ ಬಾಂಬುಗಳು ಮಿಕ್ಕದ್ದನ್ನೂ ಸುಟ್ಟುಹಾಕಿ, 1951ರಲ್ಲಿ ಇಡೀ ಸಿಟಿಯಲ್ಲಿ ಐದು ಸಾವಿರ ಚಿಲ್ಲರೆ ಜನರಿದ್ದರೆ, ನಾನೀಗ ಇರುವ ಕ್ರಿಪಲ್‌ಗೇಟ್ ವಾರ್ಡಿನಲ್ಲಿ ಇದ್ದವರು ಬರೀ 48 ಮಂದಿ. ಬಾರ್ಬಿಕನ್ ಎಂಬ ನಮ್ಮ ವಸತಿ ಸಮುಚ್ಚಯವನ್ನು ಕಟ್ಟಿದ್ದೇ ಈ ಭಯದಿಂದ. ವಾಸಿಸುವ ಜನರೇ ಇಲ್ಲದ ಊರಿಗೆ ನಗರಾಡಳಿತವೇಕೆ ಎಂದು ಸಂಸತ್ತು ಕೇಳಿದರೆ ಕೊಡಲು ಉತ್ತರವಿರಲಿಲ್ಲ. ಎರಡು ಸಾವಿರಕ್ಕೂ ಹೆಚ್ಚು ಮನೆಗಳನ್ನು ಕಟ್ಟಿದರೂ, 2021ರ ಜನಗಣತಿಯ ಪ್ರಕಾರ ಸಿಟಿಯಲ್ಲಿ ವಾಸಿಸುವವರು ಸುಮಾರು 8,600. ದಿನವೂ ಕೆಲಸಕ್ಕೆ ಬರುವವರು ಆರು ಲಕ್ಷಕ್ಕೂ ಮೇಲೆ.

ಹೀಗಿರುವಾಗ ವಾಸಿಸುವವರಿಗಷ್ಟೇ ಮತ ಎಂದರೆ, ಆರು ಲಕ್ಷ ಜನ ಓಡಾಡುವ ಬೀದಿಯನ್ನು ನಮ್ಮ ಎರಡು ಮೂರು ವಸತಿ ಸಮುಚ್ಚಯಗಳು ಆಳಬೇಕಾಗುತ್ತದೆ. ವ್ಯಾಪಾರದ ಮತವನ್ನು ಬ್ರಿಟನ್ನಿನ ಉಳಿದೆಡೆಯೆಲ್ಲ 1969ರಲ್ಲಿ ತೆಗೆದುಹಾಕಿದಾಗಲೂ ಸಿಟಿಯಲ್ಲಿ ಉಳಿಸಿಕೊಂಡದ್ದು ಇದೇ ಕಾರಣದಿಂದ. ಆಗ ಆ ಮತ ಇದ್ದದ್ದು ಒಬ್ಬೊಂಟಿ ವ್ಯಾಪಾರಿಗಳಿಗೆ ಮತ್ತು ಪಾಲುದಾರಿಕೆ ಸಂಸ್ಥೆಗಳಿಗೆ ಮಾತ್ರ. ವಕೀಲರಿಗಿತ್ತು, ದೊಡ್ಡ ಬ್ಯಾಂಕುಗಳಿಗಿರಲಿಲ್ಲ. 2002ರ ಕಾಯಿದೆ ಅದನ್ನು ನೋಂದಾಯಿತ ಕಂಪನಿಗಳಿಗೂ ಇತರ ಸಂಸ್ಥೆಗಳಿಗೂ ವಿಸ್ತರಿಸಿತು. ಅದರ ಜೊತೆಗೆ ನಮ್ಮ ನಾಲ್ಕು ವಸತಿ ವಾರ್ಡುಗಳಿಗೆ, ಅಂದರೆ ಆಲ್ಡರ್ಸ್‌ಗೇಟ್, ಕ್ರಿಪಲ್‌ಗೇಟ್, ಪೋರ್ಟ್‌ಸೋಕನ್, ಕ್ವೀನ್‌ಹೈಥ್‌ಗಳಿಗೆ, ನೂರು ಕಾಮನ್ ಕೌನ್ಸಿಲರ್‌ಗಳಲ್ಲಿ, ಅಂದರೆ ವಾರ್ಡ್ ಸದಸ್ಯರಲ್ಲಿ, ಇಪ್ಪತ್ತು ಸ್ಥಾನ ಉಳಿದಿವೆ. ಇದು ನಮ್ಮ ತಲೆ ಲೆಕ್ಕಕ್ಕಿಂತ ಬಹಳ ಹೆಚ್ಚೇ.

ಮಲ್ಲೇಶ್ವರದಿಂದ

ಬಾರ್ಬಿಕನ್ ನಿವಾಸಿಗಳು ತುಂಬ ಸೌಮ್ಯವಾಗಿ ಹೇಳಿದರು. ನಾನು ಅಷ್ಟು ಸೌಮ್ಯವಾಗಿ ಹೇಳಲಾರೆ. ಮತ ಎಂಬುದು ಮನುಷ್ಯನಿಗೆ ಸೇರಿದ್ದೇ ಹೊರತು ಕಂಪನಿಗಲ್ಲ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಪದವೀಧರರಿಗೆ ಏಳು, ಶಿಕ್ಷಕರಿಗೆ ಏಳು ಎಂದು ಇರುವುದನ್ನೇ ನಾನು ಒಪ್ಪುವವನಲ್ಲ. ಆದರೂ ಅಲ್ಲಿ ಪದವೀಧರ ತಾನಾಗಿ ಅರ್ಜಿ ಹಾಕಿ ಪಟ್ಟಿಗೆ ಸೇರುತ್ತಾನೆ, ಅವನ ಪರವಾಗಿ ವಿಶ್ವವಿದ್ಯಾಲಯ ಹೆಸರು ಆರಿಸಿ ಕಳಿಸುವುದಿಲ್ಲ. ನಿಮ್ಮ ಸಿಟಿಯಲ್ಲಿ ಕಳಿಸುವವನು ಯಜಮಾನ.

ಲೇಬರ್ ಪಕ್ಷ ದಶಕಗಳ ಕಾಲ ಸಿಟಿಯ ನಗರಾಡಳಿತವಾದ ಈ ಕಾರ್ಪೊರೇಷನ್ನನ್ನೇ ರದ್ದು ಮಾಡುತ್ತೇವೆ ಎನ್ನುತ್ತಿತ್ತು. 2002ರ ಕಾಯಿದೆ ಹೊರಬಂದದ್ದು ಅದೇ ಪಕ್ಷ ಅಧಿಕಾರದಲ್ಲಿದ್ದಾಗ ಎಂಬುದನ್ನೂ ಮರೆಯಬಾರದು. 1835ರಲ್ಲಿ ಇಂಗ್ಲೆಂಡಿನ ನಗರಸಭೆಗಳನ್ನೆಲ್ಲ ಸುಧಾರಿಸಿದಾಗಲೂ ಇದೊಂದನ್ನು ಹೊರಗಿಟ್ಟರು. ಹಣವಿದ್ದವರ ಮನೆಯ ಬಾಗಿಲಿಗೆ ಕಾನೂನು ಬಂದಾಗಲೆಲ್ಲ ಚಪ್ಪಲಿ ಕಳಚಿ ನಿಂತಿದೆ ಎಂದೇ ನನ್ನ ಅಭಿಪ್ರಾಯ. ಅಂದಹಾಗೆ, ನಾವು ಬೆಂಗಳೂರಿನವರು ಇದನ್ನು ಹೇಳಲು ಸ್ವಲ್ಪ ಸಂಕೋಚಪಡಬೇಕು: ನಮ್ಮ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳೇ ಆಡಳಿತ ನಡೆಸಿದ್ದಾರೆ.

ನಿವೃತ್ತ ಲೆಕ್ಕಪರಿಶೋಧಕಿ

ನಾನು ಸಿಟಿಯ ಒಂದು ದೊಡ್ಡ ಸಂಸ್ಥೆಯಲ್ಲಿದ್ದಾಗ ಈ ಮತದಾರರ ಪಟ್ಟಿ ತಯಾರಿಸುವ ಕೆಲಸ ನನ್ನ ಮೇಜಿಗೇ ಬರುತ್ತಿತ್ತು. ಆದ್ದರಿಂದ ಲೆಕ್ಕವನ್ನು ನಾನು ಹೇಳಬಹುದು.

ಒಂಬತ್ತು ಜನರವರೆಗಿನ ಸಂಸ್ಥೆಗೆ ಒಬ್ಬ ಮತದಾರ. ಅಲ್ಲಿಂದ ಐವತ್ತು ಜನರವರೆಗೆ ಪ್ರತಿ ಐವರಿಗೆ ಒಬ್ಬ. ಐವತ್ತು ದಾಟಿದ ಮೇಲೆ ಹತ್ತು ಮತದಾರರು, ಜೊತೆಗೆ ಹೆಚ್ಚುವರಿ ಐವತ್ತು ಜನಕ್ಕೊಬ್ಬರಂತೆ. ಐವತ್ತು ಜನರ ಸಂಸ್ಥೆಗೆ ಹತ್ತು ಮತ ಬಂದರೆ, ಐದು ಸಾವಿರ ಜನರ ಬ್ಯಾಂಕಿಗೆ ಬರುವುದು 109. ಅಂದರೆ ಸಣ್ಣ ಕಚೇರಿಯಲ್ಲಿ ಐವರಿಗೊಂದು ಮತ, ದೊಡ್ಡ ಬ್ಯಾಂಕಿನಲ್ಲಿ ಸುಮಾರು 46 ಜನಕ್ಕೊಂದು. ದೊಡ್ಡ ಬ್ಯಾಂಕುಗಳು ಸಿಟಿಯನ್ನು ಮತದಿಂದ ಕೊಂಡುಕೊಂಡಿವೆ ಎನ್ನುವವರು ಈ ಕೋಷ್ಟಕವನ್ನು ಒಮ್ಮೆ ನೋಡಬೇಕು. ಅದು ಬಾಗಿರುವುದು ಸಣ್ಣವರ ಕಡೆಗೆ. ಬ್ಯಾಂಕುಗಳ ಪ್ರಭಾವ ಬೇರೆ ಬಾಗಿಲುಗಳಿಂದ ಬರುತ್ತದೆ, ಅದಕ್ಕೆ ವಾರ್ಡಿನ ಮತದ ಹಂಗಿಲ್ಲ.

ಆದರೆ ಮಲ್ಲೇಶ್ವರದವರು ಕೈಯಿಟ್ಟ ಜಾಗ ಸರಿಯಾಗಿಯೇ ಇದೆ. ಯಾರನ್ನು ಮತದಾರರನ್ನಾಗಿ ಆರಿಸಬೇಕೆಂದು ಸಂಸ್ಥೆ ತೀರ್ಮಾನಿಸುತ್ತದೆ. ಆಯ್ಕೆಯು ಸಿಬ್ಬಂದಿಯ ವೈವಿಧ್ಯವನ್ನು ಪ್ರತಿಬಿಂಬಿಸಬೇಕೆಂದು ಕಾರ್ಪೊರೇಷನ್ ಕೇಳಿಕೊಳ್ಳುತ್ತದೆ, ಕೇಳಿಕೊಳ್ಳುತ್ತದೆ ಅಷ್ಟೇ. ನಾನು ಕಂಡಂತೆ ನಡೆಯುತ್ತಿದ್ದದ್ದು ಹೀಗೆ. ಪ್ರತಿ ಶರತ್ಕಾಲದಲ್ಲಿ ಕಾರ್ಪೊರೇಷನ್ನಿನ ಕೇಂದ್ರ ಕಚೇರಿಯಾದ ಗಿಲ್ಡ್‌ಹಾಲಿನಿಂದ ನಮೂನೆ ಬರುತ್ತದೆ. ಸೆಪ್ಟೆಂಬರ್ 1ನ್ನು ಅರ್ಹತೆಯ ದಿನವೆಂದು ಹಿಡಿದು ಸಿಬ್ಬಂದಿ ಸಂಖ್ಯೆ ತುಂಬಬೇಕು. ನಮೂನೆಯನ್ನು ಸ್ವಾಗತ ವಿಭಾಗದವರು ಕಟ್ಟಡ ನಿರ್ವಹಣೆಯವರಿಗೆ, ಅವರು ಸಿಬ್ಬಂದಿ ವಿಭಾಗಕ್ಕೆ, ಅವರು ಕಾನೂನು ವಿಭಾಗಕ್ಕೆ ದಾಟಿಸಿ, ಡಿಸೆಂಬರ್ ಬಂದ ಮೇಲೆ ಯಾರೋ ಒಬ್ಬರು ಕೈಗೆ ಸಿಕ್ಕ ಹಿರಿಯ ಹೆಸರುಗಳನ್ನು ಬರೆದು ಕಳಿಸುತ್ತಾರೆ. ಅನೇಕ ಸಂಸ್ಥೆಗಳು ಕಳಿಸುವುದೇ ಇಲ್ಲ. ಇದರಲ್ಲಿ ಒಳಸಂಚಿಗಿಂತ ಉದಾಸೀನವೇ ಹೆಚ್ಚು. ಆ ಉದಾಸೀನದ ಫಲವೇ ಹಲವು ವಾರ್ಡುಗಳ ಅವಿರೋಧ ಆಯ್ಕೆ. ಸ್ಪರ್ಧೆಯೇ ಇಲ್ಲದೆ ಗೆದ್ದವನು ಯಾರ ಬಾಗಿಲನ್ನೂ ತಟ್ಟಿರುವುದಿಲ್ಲ.

ಆದ್ದರಿಂದ ಗುಮಾಸ್ತರೇ, ಕಂಪನಿಯ ಮತ ನ್ಯಾಯವೇ ಎಂದು ಕೇಳಿದಿರಿ. ನನ್ನ ಉತ್ತರ: ಕೆಲಸ ಮಾಡುವವರಿಗೆ ಮತವಿರುವುದು ಅನ್ಯಾಯವಲ್ಲ, ಆ ಮತ ಕೆಲಸ ಮಾಡುವವರ ಕೈಗೆ ನಿಜವಾಗಿ ತಲುಪದಿರುವುದು ಅನ್ಯಾಯ. ನೀವು ನಿಂತರೆ, ನಿಮ್ಮ ಮೊದಲ ಕೆಲಸ ಮತ ಕೇಳುವುದಲ್ಲ, ಮತದಾರರನ್ನು ಹುಟ್ಟಿಸುವುದು.

ಲ್ಯಾಂಬೆತ್ ಕನ್ನಡಿಗ

ನದಿಯ ಈಚೆ ದಡದಿಂದ ಒಂದು ಮಾತು. ನಮ್ಮ ಲ್ಯಾಂಬೆತ್‌ನಲ್ಲಿ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರು ಕೌನ್ಸಿಲರ್ ಆಗಿ, 2010ರಲ್ಲಿ ಮೇಯರ್ ಕೂಡ ಆದರು. ಥೇಮ್ಸ್ ದಡದಲ್ಲಿ 2015ರಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ಹಿಂದೆ ಇದ್ದವರೂ ಅವರೇ. ಆದ್ದರಿಂದ ಕನ್ನಡಿಗನೊಬ್ಬ ಲಂಡನ್ನಿನ ಸ್ಥಳೀಯ ಸಂಸ್ಥೆಗೆ ನಿಲ್ಲುವುದು ಹೊಸತೇನಲ್ಲ. ಆದರೆ ಲ್ಯಾಂಬೆತ್‌ನಂಥ ಬರೋದಲ್ಲಿ (ಲಂಡನ್ನಿನ ಆಡಳಿತ ವಿಭಾಗದಲ್ಲಿ) ಪಕ್ಷವಿದೆ, ಪ್ರಣಾಳಿಕೆಯಿದೆ, ಮತ ಹಾಕುವಾಗ ಪಕ್ಷದ ಸಚೇತಕನಿದ್ದಾನೆ. ಜನ ನಮಗೆ ಬೈಯುವುದಾದರೂ ಪಕ್ಷದ ಹೆಸರು ಹಿಡಿದೇ ಬೈಯುತ್ತಾರೆ.

ಸಿಟಿಯಲ್ಲಿ ಬಹುತೇಕರು ಪಕ್ಷೇತರರಾಗಿಯೇ ನಿಲ್ಲುತ್ತಾರೆ. 2017ರಲ್ಲಿ ಲೇಬರ್ ಪಕ್ಷದಿಂದ ಐವರು ಗೆದ್ದಾಗ ಅದೇ ದೊಡ್ಡ ಸುದ್ದಿಯಾಗಿತ್ತು. ಪಕ್ಷವಿಲ್ಲದ ಸಭೆ ಶಾಂತವಾಗಿರುತ್ತದೆ ಎನ್ನುವವರಿದ್ದಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಪಕ್ಷವಿಲ್ಲದ ಕಡೆ ಯಾರು ಯಾರ ಜೊತೆಗಿದ್ದಾರೆಂದು ಹೊರಗಿನವರಿಗೆ ತಿಳಿಯುವುದಿಲ್ಲ, ಅಷ್ಟೇ.

ಚೀಪ್‌ಸೈಡ್ ಗುಮಾಸ್ತ

ಎಲ್ಲರಿಗೂ ಧನ್ಯವಾದಗಳು. ಲೆಕ್ಕಪರಿಶೋಧಕಿ ಮೇಡಂ ಹೇಳಿದ್ದು ಮನಸ್ಸಿಗೆ ನಾಟಿತು. ನಮ್ಮ ಸಂಸ್ಥೆಯ ಎಂಟು ಹೆಸರುಗಳನ್ನು ಇಂದು ನೋಡಿದೆ: ಐವರು ನಿರ್ದೇಶಕರು, ಇಬ್ಬರು ವಿಭಾಗ ಮುಖ್ಯಸ್ಥರು, ನಾನು. ಟಪಾಲು ಕೋಣೆಯವರು, ಸ್ವಾಗತಕಾರರು, ನಮ್ಮ ಲೆಕ್ಕ ವಿಭಾಗದ ಕಿರಿಯರು ಯಾರೂ ಇಲ್ಲ.

ಇನ್ನು ಕೆಲಸದ ವಿಚಾರ. ಗೆದ್ದ ಮೇಲೆ ನಿಜವಾಗಿ ಮಾಡಬೇಕಾದದ್ದೇನು? ಎಷ್ಟು ಹೊತ್ತು ಬೇಕಾಗುತ್ತದೆ? ಸಂಬಳವಿದೆಯೇ? ಕೆಂಪು ನಿಲುವಂಗಿ, ಬಂಗಾರದ ಸಾರೋಟು ಇವುಗಳ ಬಗ್ಗೆ ನನಗೆ ಅಷ್ಟು ಕುತೂಹಲವಿಲ್ಲ.

ಬಾರ್ಬಿಕನ್ ನಿವಾಸಿ

ಸಾರೋಟು ಲಾರ್ಡ್ ಮೇಯರ್‌ಗೆ, ನಿಮಗಲ್ಲ. ಆ ದಾರಿಯೇ ಬೇರೆ: ಮೊದಲು ಆಲ್ಡರ್‌ಮನ್, ಅಂದರೆ ವಾರ್ಡಿನ ಹಿರಿಯ ಸದಸ್ಯ, ಆಗಬೇಕು, ಆಮೇಲೆ ಷೆರಿಫ್, ಆಮೇಲೆ ಸೆಪ್ಟೆಂಬರ್ 29ರಂದು ಲಿವರಿ ಎಂಬ ಹಳೆಯ ವೃತ್ತಿ ಸಂಘಗಳ ಸದಸ್ಯರು ಗಿಲ್ಡ್‌ಹಾಲಿನಲ್ಲಿ ಸೇರಿ ಆರಿಸಬೇಕು. 25 ವಾರ್ಡುಗಳಿಗೆ ತಲಾ ಒಬ್ಬ ಆಲ್ಡರ್‌ಮನ್, ಒಟ್ಟು ನೂರು ಕಾಮನ್ ಕೌನ್ಸಿಲರ್‌ಗಳು. ನೀವು ಸ್ಪರ್ಧಿಸುವುದು ನೂರರಲ್ಲಿ ಒಂದಕ್ಕೆ. ಅದಕ್ಕೂ ಮೊದಲು ಸಿಟಿಯ ‘ಫ್ರೀಮನ್’ ಎಂಬ ಹಳೆಯ ಕಾಲದ ಪೌರ ಪದವಿ ಪಡೆಯಬೇಕೆಂಬ ನಿಯಮವಿದೆ. ಅದು ಈಗ ಬಹುಮಟ್ಟಿಗೆ ಔಪಚಾರಿಕ. (ಲಂಡನ್ ಬ್ರಿಡ್ಜಿನ ಮೇಲೆ ಕುರಿ ಹೊಡೆದುಕೊಂಡು ಹೋಗುವ ಹಕ್ಕೂ ಅದರ ಜೊತೆಗೆ ಬರುತ್ತದೆಂದು ಎಲ್ಲರೂ ತಪ್ಪದೆ ಹೇಳುತ್ತಾರೆ, ಕುರಿ ಮಾತ್ರ ಯಾರ ಬಳಿಯೂ ಇರುವುದಿಲ್ಲ.)

ಸಂಬಳವಿಲ್ಲ. ಶತಮಾನಗಳ ಕಾಲ ಇದು ಬಿಟ್ಟಿ ಸೇವೆಯಾಗಿತ್ತು; ಈಚಿನ ವರ್ಷಗಳಲ್ಲಿ ಒಂದು ಸಾಧಾರಣ ಭತ್ಯೆ ಬಂದಿದೆ. ಸಮಿತಿಗಳು ಹೆಚ್ಚಾಗಿ ಹಗಲು ಹೊತ್ತಿನಲ್ಲಿ ಸೇರುತ್ತವೆ. ಸಾರ್ವಜನಿಕ ಕರ್ತವ್ಯಕ್ಕೆ ಸಮಂಜಸವಾದಷ್ಟು ಬಿಡುವನ್ನು ಮಾಲೀಕರು ಕೊಡಲೇಬೇಕೆಂದು 1996ರ ಉದ್ಯೋಗ ಹಕ್ಕುಗಳ ಕಾಯಿದೆ ಹೇಳುತ್ತದಾದರೂ, ಆ ಹೊತ್ತಿಗೆ ಸಂಬಳ ಕೊಡಬೇಕೆಂದು ಹೇಳುವುದಿಲ್ಲ. ಹೀಗಾಗಿ ನಿವೃತ್ತರು, ಸ್ವಂತ ವೃತ್ತಿಯವರು, ಪಾಲುದಾರರು ಹೆಚ್ಚಾಗಿ ಬರುತ್ತಾರೆ, ಗುಮಾಸ್ತರು ಕಡಿಮೆ.

ಕೆಲಸದ ಹರಹು ದೊಡ್ಡದು. ಕಸ, ಬೀದಿ, ಮದ್ಯದ ಪರವಾನಗಿ, ಶಾಲೆ ಎಂಬ ಮಾಮೂಲಿ ನಗರಸಭೆಯ ಕೆಲಸಗಳ ಮೇಲೆ ಸ್ವಂತ ಪೊಲೀಸ್ ಪಡೆ, ಓಲ್ಡ್ ಬೇಲಿ ನ್ಯಾಯಾಲಯದ ಕಟ್ಟಡ, ಥೇಮ್ಸ್ ನದಿಯ ಐದು ಸೇತುವೆಗಳು, ಸಗಟು ಮಾರುಕಟ್ಟೆಗಳು, ಊರಾಚೆಯ ಎಪ್ಪಿಂಗ್ ಕಾಡು, ಹ್ಯಾಂಪ್‌ಸ್ಟೆಡ್ ಹೀತ್ ಇವೆಲ್ಲವೂ ಅದೇ ನೂರಿಪ್ಪತ್ತೈದು ಜನರ ಸಮಿತಿಗಳಿಗೆ ಬರುತ್ತವೆ. ಸ್ಮಿತ್‌ಫೀಲ್ಡ್ ಮತ್ತು ಬಿಲಿಂಗ್ಸ್‌ಗೇಟ್ ಮಾರುಕಟ್ಟೆಗಳನ್ನು ಡಾಗೆನ್‌ಹ್ಯಾಮ್‌ಗೆ ಸ್ಥಳಾಂತರಿಸುವ ಯೋಜನೆಯನ್ನು 2024ರ ನವೆಂಬರಿನಲ್ಲಿ ಕೈಬಿಟ್ಟದ್ದೂ ಇದೇ ಸಭೆ.

ಆದರೆ ನಿಮ್ಮ ಆತ್ಮಸಾಕ್ಷಿಯನ್ನು ಪರೀಕ್ಷಿಸುವುದು ಕಟ್ಟಡಗಳಿಗೆ ಅನುಮತಿ ಕೊಡುವ ಯೋಜನಾ ಸಮಿತಿ. ಒಂದು ಉದಾಹರಣೆ ಸಾಕು. ಆಲ್ಡ್‌ಗೇಟ್ ಬಳಿ ಬೆವಿಸ್ ಮಾರ್ಕ್ಸ್ ಎಂಬ ಯಹೂದಿ ಪ್ರಾರ್ಥನಾ ಮಂದಿರವಿದೆ. 1701ರಿಂದ ಅಲ್ಲಿ ಪ್ರಾರ್ಥನೆ ನಡೆಯುತ್ತಿದೆ. ರಸ್ತೆಯಿಂದ ಒಂದು ಕಮಾನಿನೊಳಗೆ ನುಗ್ಗಿದರೆ ಸಣ್ಣ ಅಂಗಳ, ಅಂಗಳದಾಚೆಗೆ ದೊಡ್ಡ ದೊಡ್ಡ ಕಿಟಕಿಗಳ ಇಟ್ಟಿಗೆ ಕಟ್ಟಡ. ಒಳಗೆ ಹಿತ್ತಾಳೆಯ ತೂಗುದೀಪಗಳಲ್ಲಿ ಇಂದಿಗೂ ಮೇಣದ ಬತ್ತಿ ಹಚ್ಚುತ್ತಾರೆ. ಮಂದಿರದ ಪಕ್ಕದ ಬ್ಯೂರಿ ಸ್ಟ್ರೀಟ್‌ನಲ್ಲಿ ಗೋಪುರ ಕಟ್ಟಲು ಬಂದ ಅರ್ಜಿಯನ್ನು 2021ರಲ್ಲಿ ಸಮಿತಿ ತಿರಸ್ಕರಿಸಿತು. ಬದಲಾಯಿಸಿದ ನಕ್ಷೆಯೊಂದಿಗೆ ಅದು ಮತ್ತೆ ಬಂದಾಗ, 2024ರ ಡಿಸೆಂಬರಿನಲ್ಲಿ, ಮಂದಿರದವರ ತೀವ್ರ ವಿರೋಧದ ನಡುವೆಯೂ ಒಪ್ಪಿಗೆ ಸಿಕ್ಕಿತು. ಬೆಳಕು ಎಷ್ಟು ಕುಗ್ಗುತ್ತದೆ, ಆಕಾಶ ಎಷ್ಟು ಮುಚ್ಚುತ್ತದೆ ಎಂಬುದರ ಮೇಲೆ ನೂರಾರು ಪುಟಗಳ ವರದಿಗಳನ್ನು ಓದಿ, ಕೊನೆಗೆ ಕೈ ಎತ್ತಬೇಕಾದವರು ಸದಸ್ಯರೇ. ಆ ಪ್ರದೇಶದಲ್ಲಿ ಮನೆಗಳು ಬೆರಳೆಣಿಕೆಯಷ್ಟು. ಮಂದಿರಕ್ಕೆ ಬರುವ ಭಕ್ತರಲ್ಲಿ ಬಹುತೇಕರು ಎಲ್ಲಿಂದಲೋ ಬರುವವರು, ಅವರಿಗೆ ಅಲ್ಲಿ ಮತವಿಲ್ಲ. ಹೊಸ ಗೋಪುರದಲ್ಲಿ ಕೂರಲಿರುವ ಕಂಪನಿಗಳಿಗೆ ನಾಳೆ ಮತವಿರುತ್ತದೆ. ಇದರ ಅರ್ಥ ಸದಸ್ಯರು ಕಂಪನಿಗಳಿಗೆ ಮಾರಿಹೋದರೆಂದಲ್ಲ; ಮತದ ಲೆಕ್ಕ ಹಿಡಿದು ನಡೆದರೆ ಇಂಥ ಕಡೆ ದಾರಿ ಸಿಗುವುದಿಲ್ಲ ಎಂದಷ್ಟೇ.

ಇನ್ನೊಂದು ತೊಡಕು ನಮ್ಮ ಮನೆ ಬಾಗಿಲಿನದೇ. ಕಾರ್ಪೊರೇಷನ್ ಇಲ್ಲಿ ಯೋಜನಾ ಪ್ರಾಧಿಕಾರ ಮಾತ್ರವಲ್ಲ, ಬಹಳ ಕಡೆ ಭೂಮಾಲೀಕನೂ ಹೌದು. ಬಾರ್ಬಿಕನ್ ಪಕ್ಕದಲ್ಲಿ ಹಳೆಯ ಲಂಡನ್ ಮ್ಯೂಸಿಯಂ ಮತ್ತು ಬಾಸ್ಟಿಯನ್ ಹೌಸ್ ಕೆಡವಿ ಕಚೇರಿ ಕಟ್ಟುವ ಅರ್ಜಿ ಹಾಕಿದ್ದೂ ಅದೇ, 2024ರ ಏಪ್ರಿಲಿನಲ್ಲಿ ಮಂಜೂರು ಮಾಡಿದ್ದೂ ಅದೇ. ಎರಡು ಕೆಲಸಕ್ಕೂ ಬೇರೆ ಬೇರೆ ಅಧಿಕಾರಿಗಳು, ಬೇರೆ ಬೇರೆ ಸಮಿತಿಗಳು ಎಂಬ ಗೋಡೆಯನ್ನು ಕಾನೂನಿನ ಪ್ರಕಾರವೇ ಎಬ್ಬಿಸಿದ್ದಾರೆ, ಸರಿ. ಆದರೂ ಎದುರಿಗೆ ಕುಳಿತು ನೋಡುವ ನಿವಾಸಿಗೆ ಸಮಾಧಾನವಾಗುವುದಿಲ್ಲ.

ಅದಕ್ಕಿಂತ ವಿಚಿತ್ರವಾದದ್ದು ಹಿತಾಸಕ್ತಿಯ ನಿಯಮ. 2011ರ ಲೋಕಲಿಸಂ ಕಾಯಿದೆಯ ಪ್ರಕಾರ, ತನ್ನ ಹಣಕಾಸಿನ ಹಿತಾಸಕ್ತಿಯಿರುವ ವಿಷಯದಲ್ಲಿ ಸದಸ್ಯ ಮಾತಾಡಿದರೆ ಅಥವಾ ಮತ ಹಾಕಿದರೆ ಅದು ಅಪರಾಧ. ಕಾರ್ಪೊರೇಷನ್ನಿನ ಮನೆಯಲ್ಲಿ ಲೀಸ್ ಪಡೆದೋ ಬಾಡಿಗೆದಾರನಾಗಿಯೋ ಇರುವ ಸದಸ್ಯನಿಗೆ ಆ ವಸತಿ ಸಮುಚ್ಚಯದ ಬಗ್ಗೆ ಇಂಥ ಹಿತಾಸಕ್ತಿ ಇರುವುದು ಸಹಜ. ಹಾಗಾಗಿ ಅವನು ಮುಂಚಿತವಾಗಿ ವಿನಾಯಿತಿ ಕೇಳಿ ಪಡೆಯಬೇಕು. ಈ ವಿನಾಯಿತಿ ಎಷ್ಟು ಉದಾರವಾಗಿರಬೇಕೆಂಬುದು ಇಲ್ಲಿ ವರ್ಷಗಳ ಜಗಳ. ಛಾವಣಿ ಸೋರುವುದು ಯಾರ ಮನೆಯಲ್ಲೋ ಅವರೇ ಆ ಚರ್ಚೆಯ ಹೊತ್ತಿಗೆ ಎದ್ದು ಹೊರಗೆ ಹೋಗಬೇಕಾದ ಪರಿಸ್ಥಿತಿ. ಒಳಗೆ ಕುಳಿತು ತೀರ್ಮಾನಿಸುವವರು ಸರ್ರೆಯಲ್ಲೋ ಕೆಂಟ್‌ನಲ್ಲೋ ಮಲಗುವವರು. ನಿಮ್ಮಂಥವರ ಮೇಲೆ ನನಗೆ ಸಿಟ್ಟಿದ್ದದ್ದು ಈ ಹೊತ್ತಿನಲ್ಲೇ. ಆದರೆ ಅದೇ ಕಾರಣಕ್ಕೆ, ನಮ್ಮ ಬಗ್ಗೆ ನಾವೇ ಮಾತಾಡಲಾಗದಾಗ ಓದಿಕೊಂಡು ಬಂದು ಮಾತಾಡಬಲ್ಲ ವ್ಯಾಪಾರ ವಾರ್ಡಿನ ಸದಸ್ಯರು ನಮಗೆ ಬೇಕು. ಅಂಥ ಒಂದಿಬ್ಬರನ್ನು ಕಂಡಿದ್ದೇನೆ.

ಮಲ್ಲೇಶ್ವರದಿಂದ

ಬೆವಿಸ್ ಮಾರ್ಕ್ಸ್ ಪ್ರಸಂಗ ನನ್ನ ವಾದಕ್ಕೇ ಬಲ ಕೊಡುತ್ತದೆಂದು ಹೇಳಬೇಕೆಂದಿದ್ದೆ. ಆದರೆ ಮತವನ್ನು ನಿವಾಸಿಗಳಿಗಷ್ಟೇ ಕೊಟ್ಟರೂ ಆ ಭಕ್ತರಿಗೆ ಮತ ಸಿಗುವುದಿಲ್ಲ ಎಂಬುದು ಹೊಳೆದು ಸುಮ್ಮನಾದೆ.

ಹಣದ ವಿಷಯ ಮಾತ್ರ ಬಿಡಲಾರೆ. ಎಂಟು ಶತಮಾನಗಳಿಂದ ಕೂಡಿಬಂದ ‘ಸಿಟೀಸ್ ಕ್ಯಾಷ್’ ಎಂಬ ಖಾಸಗಿ ನಿಧಿಯ ಲೆಕ್ಕವನ್ನು ಸಾರ್ವಜನಿಕರ ಮುಂದಿಟ್ಟದ್ದು 2012ರಲ್ಲಿ, ಅದೂ ಸೇಂಟ್ ಪಾಲ್ಸ್ ಚರ್ಚಿನ ಮುಂದೆ ಹಣಕಾಸು ವಲಯದ ವಿರುದ್ಧದ ಆಕ್ಯುಪೈ ಚಳವಳಿಗಾರರು ತಿಂಗಳುಗಟ್ಟಲೆ ಗುಡಾರ ಹಾಕಿ ಕೂತ ಮೇಲೆ. ಆಗ ಕಂಡ ಮೊತ್ತ ಸುಮಾರು 130 ಕೋಟಿ ಪೌಂಡ್. ಈಗ ಅದರ ಹೆಸರು ‘ಸಿಟೀಸ್ ಎಸ್ಟೇಟ್’. ಗುಮಾಸ್ತರು ಗೆದ್ದರೆ ಮೊದಲು ಆ ಪುಸ್ತಕ ತೆರೆಯಲಿ.

ನಿವೃತ್ತ ಲೆಕ್ಕಪರಿಶೋಧಕಿ

ಆ ಪುಸ್ತಕ ಈಗ ಪ್ರತಿ ವರ್ಷ ಪ್ರಕಟವಾಗುತ್ತದೆ, ಸ್ವಾಮಿ. ತಾವೇ ಮಲ್ಲೇಶ್ವರದಲ್ಲಿ ಕುಳಿತು ತೆರೆಯಬಹುದು. ಕಾಡು, ಉದ್ಯಾನ, ಶಾಲೆಗಳಿಗೆ ಖರ್ಚಾಗುವುದೂ ಅದರಿಂದಲೇ. ಲಾರ್ಡ್ ಮೇಯರ್ ಔತಣಗಳಿಗೂ ಅದರಿಂದಲೇ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಮರೆಸುವ ಅಭ್ಯಾಸ ಗಿಲ್ಡ್‌ಹಾಲಿಗೆ ಇದೆ. ಎರಡನೆಯದನ್ನು ತೋರಿಸಿ ಮೊದಲನೆಯದನ್ನು ಮರೆಯುವ ಅಭ್ಯಾಸ ಅದರ ಟೀಕಾಕಾರರಿಗೆ.

ಚೀಪ್‌ಸೈಡ್ ಗುಮಾಸ್ತ

2029ರ ಬಗ್ಗೆ ಈಗಲೇ ಮಾತು ಕೊಡುವುದಿಲ್ಲ. ಸ್ಪರ್ಧಿಸಿದರೆ ಪಕ್ಷೇತರನಾಗಿ, ಯೋಜನಾ ಸಮಿತಿಯ ಕಾಗದಗಳನ್ನು ಓದುವಷ್ಟು ಬಿಡುವು ಸಂಸ್ಥೆ ಕೊಡುವುದಾದರೆ ಮಾತ್ರ.

ಆದರೆ ಪಟ್ಟಿಯ ಕೆಲಸವನ್ನು ಇಂದೇ ಹಿಡಿದಿದ್ದೇನೆ. ನಮ್ಮ ಕಚೇರಿಯ ಕಾರ್ಯದರ್ಶಿಗೆ ಪತ್ರ ಬರೆದು, ಮುಂದಿನ ಬಾರಿ ಎಂಟು ಹೆಸರುಗಳಲ್ಲಿ ನಿರ್ದೇಶಕರು ಇಬ್ಬರೇ ಇರಲಿ, ಉಳಿದ ಆರಕ್ಕೆ ಸಿಬ್ಬಂದಿಯೆಲ್ಲರಿಂದ ಹೆಸರು ಕರೆಯೋಣ ಎಂದು ಕೇಳಿದ್ದೇನೆ. ನಮ್ಮ ಕಟ್ಟಡದಲ್ಲೇ ಇನ್ನೂ ಆರು ಸಂಸ್ಥೆಗಳಿವೆ. ಅವುಗಳಲ್ಲಿ ಎಷ್ಟು ನಮೂನೆ ಕಳಿಸಿವೆಯೆಂದು ವಿಚಾರಿಸಿದೆ, ಎರಡರಲ್ಲಿ ಅಂಥದ್ದೊಂದು ಇರುವುದೇ ಗೊತ್ತಿಲ್ಲ ಎಂದರು. ಲೆಕ್ಕಪರಿಶೋಧಕಿ ಮೇಡಂ, ತಾವು ಆಗ ಸಿಬ್ಬಂದಿಗೆ ಕಳಿಸುತ್ತಿದ್ದ ಸುತ್ತೋಲೆಯ ಮಾದರಿ ಇನ್ನೂ ಇದ್ದರೆ ದಯವಿಟ್ಟು ಇಲ್ಲಿ ಹಾಕುತ್ತೀರಾ? ಶರತ್ಕಾಲದ ನಮೂನೆ ಬರುವ ಮೊದಲೇ ಆ ಕಚೇರಿಗಳಿಗೆ ಹೋಗಿ ಬರಬೇಕೆಂದಿದ್ದೇನೆ.

ನಿವೃತ್ತ ಲೆಕ್ಕಪರಿಶೋಧಕಿ

ಸುತ್ತೋಲೆ ಹಳೆಯದು, ಕಾನೂನು ವಿಭಾಗದ ಭಾಷೆಯಲ್ಲಿದೆ, ಓದಿದವರಿಗೆ ನಿದ್ದೆ ಬರುತ್ತದೆ. ನಾಳೆ ಸಂಜೆಯೊಳಗೆ ಸರಳ ಮಾಡಿ ಹಾಕುತ್ತೇನೆ. ಒಂದು ಎಚ್ಚರಿಕೆ ಮಾತ್ರ: ಮತದಾರರಾಗುವವರು ಬ್ರಿಟಿಷ್, ಐರಿಷ್, ಅರ್ಹ ಕಾಮನ್‌ವೆಲ್ತ್ ಅಥವಾ ಅರ್ಹ ಐರೋಪ್ಯ ಒಕ್ಕೂಟದ ಪ್ರಜೆಗಳಾಗಿರಬೇಕು. ಸಿಟಿಯಲ್ಲಿ ಮತ ಹಾಕಿದರೆ ಮನೆಯ ಬಳಿಯ ಮತ ಹೋಗುತ್ತದೆಂದು ಹೆದರುವವರು ಬಹಳ. ಹೋಗುವುದಿಲ್ಲವೆಂದು ಮೊದಲ ಸಾಲಿನಲ್ಲೇ ಬರೆಯಿರಿ.